ಅವ್ವನ ಇನ್ಸುಲಿನ್‌ಗೆ ಐದು ಡಿಗ್ರಿಯ ತಂಪು

ಹಳೆಯ ಒಂಟಿ ಬಾಗಿಲಿನ ಫ್ರಿಜ್‌ಗಳ ಒಳಗೆ ಒಂದು ಗುಂಡನೆಯ ನಾಬ್ ಇರುತ್ತದೆ. ಅದರ ಸುತ್ತ 1ರಿಂದ 7ರವರೆಗೆ ಅಂಕಿಗಳು. ಇವು ಡಿಗ್ರಿಗಳಲ್ಲ. ನಾಬನ್ನು 4ಕ್ಕೆ ತಿರುಗಿಸಿದರೆ ಒಳಗೆ 4 ಡಿಗ್ರಿ ಇದೆ ಎಂದು ಅರ್ಥವಲ್ಲ. 3ಕ್ಕಿಂತ ಹೆಚ್ಚು ತಂಪು, 5ಕ್ಕಿಂತ ಕಡಿಮೆ ತಂಪು, ಅಷ್ಟೇ. ಹಾಲು, ಮೊಸರು, ಕೊತ್ತಂಬರಿಗೆ ಇಷ್ಟು ಗೊತ್ತಿದ್ದರೆ ಸಾಕು. ಆದರೆ ಅದೇ ಫ್ರಿಜ್‌ನಲ್ಲಿ ಮನೆಯ ಹಿರಿಯರ ಇನ್ಸುಲಿನ್ ಇದ್ದರೆ ಸಾಲದು. ಇನ್ಸುಲಿನ್‌ನ ಡಬ್ಬಿಯ ಮೇಲೆ ಅಂದಾಜಿನ ಮಾತಿಲ್ಲ: 2ರಿಂದ 8 ಡಿಗ್ರಿ ಸೆಲ್ಸಿಯಸ್, ಹೆಪ್ಪುಗಟ್ಟಿಸಬಾರದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ.

ನಾನು ಗದಗಿನವನು. ಹದಿನಾರು ವರ್ಷಗಳಿಂದ ಮುಲುಂಡ್‌ನಲ್ಲಿ ಮನೆ, ಠಾಣೆ–ಬೇಲಾಪುರ ಪಟ್ಟಿಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ. ಶೀತಲ ಕೋಣೆಗಳ ಸೆನ್ಸರ್, ರೆಕಾರ್ಡರ್, ಅಲಾರಂ ನೋಡಿಕೊಳ್ಳುವುದು ನನ್ನ ಉದ್ಯೋಗ. ಅಲ್ಲಿ ಉಷ್ಣಾಂಶ ಅರ್ಧ ಡಿಗ್ರಿ ಆಚೀಚೆ ಆದರೂ ಕಾಗದದ ಮೇಲೆ ದಾಖಲಾಗುತ್ತದೆ, 8 ದಾಟಿದರೆ ಗಂಟೆ ಬಾರಿಸುತ್ತದೆ, ರಾತ್ರಿ ಎರಡಾದರೂ ಯಾರಾದರೂ ಎದ್ದು ಹೋಗಬೇಕು. ಕಾರ್ಖಾನೆಯಿಂದ ಲಾರಿಗೆ, ಲಾರಿಯಿಂದ ಗೋದಾಮಿಗೆ, ಅಲ್ಲಿಂದ ಮೆಡಿಕಲ್ ಅಂಗಡಿಗೆ ಹೀಗೆ ಕೈಯಿಂದ ಕೈಗೆ ತಂಪನ್ನು ದಾಟಿಸುತ್ತಾರೆ. ಕೊನೆಗೆ ಔಷಧ ನಮ್ಮ ಅಡುಗೆಮನೆಗೆ ಬಂದು ಮೊಟ್ಟೆ, ನಿಂಬೆಹಣ್ಣಿನ ಪಕ್ಕ ಕೂರುತ್ತದೆ. ಅಲ್ಲಿಂದ ಮುಂದೆ ಅಳೆಯುವವರು ಯಾರೂ ಇಲ್ಲ. ಆ ಕೊನೆಯ ಕೊಂಡಿಯನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಹೇಗೆ ಗಟ್ಟಿ ಮಾಡಬಹುದು ಎಂಬುದೇ ಈ ಬರಹ.

ಗದಗಿನ ಗಡಿಗೆ, ಮುಂಬೈನ ಬೆವರು

ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆ ಇರಲು ಬಂದಳು. ದಿನಕ್ಕೆ ಎರಡು ಸಲ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಊರಲ್ಲಿದ್ದಾಗ ಬಳಸುತ್ತಿದ್ದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡುತ್ತಲೇ ಇರಲಿಲ್ಲ. ದೇವರ ಕೋಣೆಯ ಮೂಲೆಯಲ್ಲಿ, ನೀರಿನ ಗಡಿಗೆಗೆ ಒತ್ತಿಟ್ಟ ಸಣ್ಣ ಮಣ್ಣಿನ ಕುಡಿಕೆಯೊಳಗೆ ಅದರ ಜಾಗ. "ತಣ್ಣಗ ಇರತೈತಿ ಬಿಡೋ" ಎನ್ನುತ್ತಿದ್ದಳು. ಇಲ್ಲಿಗೂ ಬರುವಾಗ ಕುಡಿಕೆಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದಳು.

ಗದಗಿನಲ್ಲಿ ಅವಳ ಲೆಕ್ಕ ತಪ್ಪಲ್ಲ. ಬಳಕೆಗೆ ತೆಗೆದ ಬಾಟಲಿಯನ್ನು 25–30 ಡಿಗ್ರಿ ಒಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು ಎಂದು ಹೆಚ್ಚಿನ ತಯಾರಕರು ಹೇಳುತ್ತಾರೆ. (ನಿಮ್ಮ ಔಷಧದ ಖಚಿತ ಮಿತಿ ಡಬ್ಬಿಯೊಳಗಿನ ಚೀಟಿಯಲ್ಲಿರುತ್ತದೆ.) ಗಡಿಗೆ ತಂಪಾಗುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಹೊರಗೆ 38 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 20 ಇದ್ದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಸುಮಾರು 21 ಡಿಗ್ರಿಗೆ ಇಳಿಯುತ್ತದೆ. ಗಡಿಗೆ ಅಷ್ಟು ಕೆಳಗೆ ಹೋಗದಿದ್ದರೂ ಅದರ ಸಮೀಪ ಹೋಗುತ್ತದೆ.

ಮುಂಬೈನಲ್ಲಿ ಇದು ನಡೆಯುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ 33 ಡಿಗ್ರಿ ಇರಬಹುದು, ಊರಿಗಿಂತ ಕಡಿಮೆಯೇ. ಆದರೆ ತೇವಾಂಶ ಶೇ 65 ಇದ್ದರೆ ಅದೇ ಒದ್ದೆ ಥರ್ಮಾಮೀಟರ್ 27ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಗಡಿಗೆ ಅದಕ್ಕಿಂತ ಕೆಳಗೆ ಹೋಗಲಾರದು. ನಮ್ಮ ಮೈಮೇಲಿನ ಬೆವರು ಆರದಿರುವ ಕಾರಣವೇ ಗಡಿಗೆಗೂ ಅನ್ವಯಿಸುತ್ತದೆ. ಗಾಳಿ ಆಡದ ಅಡುಗೆಮನೆಯಲ್ಲಿ, ಒಲೆ ಉರಿಯುವ ಹೊತ್ತಿನಲ್ಲಿ, ಕುಡಿಕೆಯೊಳಗೆ 30 ದಾಟುತ್ತಿತ್ತು. ಹಾಗಾಗಿ ಬಾಟಲಿಗಳೆಲ್ಲ ಫ್ರಿಜ್ ಸೇರಿದವು.

ಒಂದೇ ಫ್ರಿಜ್, ಮೂರು ಹವಾಮಾನ

ಎರಡು ತಿಂಗಳಲ್ಲಿ ಅವ್ವನ ಬೆಳಗಿನ ಸಕ್ಕರೆ 140ರ ಆಸುಪಾಸಿನಿಂದ 220ರ ಮೇಲೆ ಹೋಯಿತು. ವೈದ್ಯರು ಎರಡು ಸಲ ಡೋಸ್ ಏರಿಸಿದರು. ಸಕ್ಕರೆ ಏರಲು ಹತ್ತು ಕಾರಣಗಳಿರುತ್ತವೆ: ಹೊಸ ಊರು, ನಡಿಗೆ ಕಡಿಮೆ, ನಿದ್ದೆಯಿಲ್ಲ, ಮನಸ್ಸಿನ ಭಾರ. ಅವೆಲ್ಲವನ್ನೂ ಕೇಳಿದ ವೈದ್ಯರು ಕೊನೆಗೆ "ಔಷಧ ಎಲ್ಲಿ ಇಡುತ್ತೀರಿ?" ಎಂದೂ ಕೇಳಿದರು. ಫ್ರಿಜ್‌ನಲ್ಲಿ ಎಂದೆವು. "ಫ್ರಿಜ್‌ನಲ್ಲಿ ಎಲ್ಲಿ?" ಎಂದರು.

ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಅಳೆಯಬೇಕು. ಕನಿಷ್ಠ–ಗರಿಷ್ಠ ಉಷ್ಣಾಂಶ ನೆನಪಿಟ್ಟುಕೊಳ್ಳುವ ಎರಡು ಸಣ್ಣ ಡಿಜಿಟಲ್ ಥರ್ಮಾಮೀಟರ್ ತಂದು, ಒಂದು ವಾರ ಬೇರೆ ಬೇರೆ ಕಡೆ ಇಟ್ಟೆ. ನಮ್ಮದು 190 ಲೀಟರಿನ ಹಳೆಯ ಒಂಟಿ ಬಾಗಿಲಿನ ಫ್ರಿಜ್. ಫ್ರೀಜರ್ ಕೆಳಗಿನ ತಟ್ಟೆಯಲ್ಲಿ ನಸುಕಿನ ಹೊತ್ತಿಗೆ ಸೊನ್ನೆಗಿಂತ 1.2 ಡಿಗ್ರಿ ಕೆಳಗೆ. ಬಾಗಿಲಿನ ಅರೆಯಲ್ಲಿ ಮಧ್ಯಾಹ್ನ 13 ಡಿಗ್ರಿ. ನಡುವಿನ ಅರೆಯಲ್ಲಿ 3ರಿಂದ 10ರವರೆಗೆ ಓಲಾಟ. ಒಂದೇ ಪೆಟ್ಟಿಗೆಯೊಳಗೆ ಮೂರು ಊರುಗಳ ಹವೆ!

ಇದು ಫ್ರಿಜ್‌ನ ದೋಷವಲ್ಲ, ಅದರ ರಚನೆಯೇ ಹಾಗೆ. ಇಂಥ ಫ್ರಿಜ್‌ಗಳ ಥರ್ಮೋಸ್ಟಾಟ್‌ಗೆ ಸಪೂರವಾದ ಒಂದು ಲೋಹದ ನಳಿಕೆ ಇರುತ್ತದೆ. ಒಳಗೆ ಅನಿಲ ತುಂಬಿರುತ್ತದೆ. ನಳಿಕೆಯ ತುದಿಯನ್ನು ಫ್ರೀಜರ್‌ನ ತಟ್ಟೆಗೆ ಬಿಗಿದಿರುತ್ತಾರೆ. ತಟ್ಟೆ ಬಿಸಿಯಾದರೆ ಅನಿಲ ಹಿಗ್ಗಿ ಸ್ವಿಚ್ ಹಾಕುತ್ತದೆ, ತಣ್ಣಗಾದರೆ ಕುಗ್ಗಿ ಆರಿಸುತ್ತದೆ. ಅಂದರೆ ಅದು ಅಳೆಯುವುದು ಫ್ರೀಜರ್ ತಟ್ಟೆಯನ್ನೇ ಹೊರತು ನಮ್ಮ ಔಷಧ ಇರುವ ಅರೆಯನ್ನಲ್ಲ. ಅಡುಗೆಮನೆ ಕಾದರೆ, ಬಾಗಿಲು ಹತ್ತು ಸಲ ತೆಗೆದರೆ ಅರೆ ಬಿಸಿಯಾಗುತ್ತದೆ, ಥರ್ಮೋಸ್ಟಾಟ್‌ಗೆ ಅದು ಸರಿಯಾಗಿ ತಿಳಿಯುವುದೇ ಇಲ್ಲ. ಡಿಸೆಂಬರ್–ಜನವರಿಯ ತಂಪು ರಾತ್ರಿಗಳಲ್ಲಿ ಇದು ತಿರುಗುಮುರುಗಾಗಿ, ಅದೇ ನಾಬ್ ಅದೇ ಅಂಕಿಯಲ್ಲಿ ಅರೆಯನ್ನು ಸೊನ್ನೆಗೆ ಒಯ್ಯುತ್ತದೆ.

ಬಿಸಿಗಿಂತ ಹಿಮ ಕೆಟ್ಟದ್ದು

ಇನ್ಸುಲಿನ್ ಒಂದು ಪ್ರೋಟೀನ್. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14ರ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ನೂರು ವರ್ಷಗಳಲ್ಲಿ ಔಷಧ ಎಷ್ಟೋ ಸುಧಾರಿಸಿದೆ, ಆದರೆ ಪ್ರೋಟೀನಿನ ಸ್ವಭಾವ ಬದಲಾಗಿಲ್ಲ. ಬಿಸಿಯಲ್ಲಿ ಅದು ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ ಕೆಡುತ್ತದೆ, ಕರಗಿಸಿದರೂ ಮತ್ತೆ ಮೊದಲಿನಂತಾಗದು. ಹಾಲಿನ ಬಣ್ಣದ ಮಿಶ್ರ ಇನ್ಸುಲಿನ್ ಹೆಪ್ಪುಗಟ್ಟಿ ಕರಗಿದರೆ ಗಂಟು ಅಥವಾ ಚಕ್ಕೆ ಕಾಣಬಹುದು. ತಿಳಿಯಾದ ಇನ್ಸುಲಿನ್ ಮಾತ್ರ ಕೆಟ್ಟ ಮೇಲೂ ತಿಳಿಯಾಗಿಯೇ ಇರಬಹುದು. ಕಣ್ಣಿಗೆ ಕಾಣದ್ದೇ ದೊಡ್ಡ ತೊಂದರೆ.

"ಔಷಧ ಕೆಡಬಾರದೆಂದು" ಮನೆಯವರು ಫ್ರೀಜರ್‌ಗೆ ಹತ್ತಿರವಾಗಿ ಇಡುತ್ತಾರೆ. ಅದೇ ಅತ್ಯಂತ ಅಪಾಯದ ಜಾಗ. ಬಾಗಿಲಿನ ಅರೆ ಕೈಗೆ ಸಿಗುತ್ತದೆ, ಆದರೆ ಅದು ಅತ್ಯಂತ ಬಿಸಿ ಜಾಗ. ಉಳಿಯುವುದು ನಡುವಿನ ಅರೆ. ಅದನ್ನೇ 4ರಿಂದ 6ರ ನಡುವೆ ನಿಲ್ಲಿಸುವ ಉಪಾಯ ಬೇಕಿತ್ತು.

ಔಷಧಕ್ಕೆಂದೇ ಮಾಡಿದ ಫ್ರಿಜ್‌ಗಳಿವೆ, ಬೆಲೆ ನಮ್ಮಂಥವರ ಮನೆಗೆ ಹೊಂದುವುದಲ್ಲ. ಹೊಸ ಎರಡು ಬಾಗಿಲಿನ ಫ್ರಿಜ್ ಕೊಳ್ಳಬಹುದು, ಅಡುಗೆಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಮೂರನೆಯ ದಾರಿ, ಹಳೆಯ ಫ್ರಿಜ್‌ಗೆ ಹೊರಗಿನಿಂದ ಒಂದು ಟೆಂಪರೇಚರ್ ಕಂಟ್ರೋಲರ್ ಜೋಡಿಸುವುದು. ಅದರ ಸೆನ್ಸರ್ ಔಷಧದ ಪಕ್ಕದಲ್ಲೇ ಕುಳಿತಿರುತ್ತದೆ. ಅಲ್ಲಿ ಬಿಸಿಯಾದರೆ ಫ್ರಿಜ್‌ಗೆ ಕರೆಂಟ್ ಕೊಡುತ್ತದೆ, ತಂಪಾದರೆ ಕಡಿಯುತ್ತದೆ.

ಲ್ಯಾಮಿಂಗ್ಟನ್ ರೋಡಿನ ಶನಿವಾರ

ಮುಂಬೈನಲ್ಲಿ ಇಂಥದ್ದಕ್ಕೆಲ್ಲ ಲ್ಯಾಮಿಂಗ್ಟನ್ ರೋಡ್. ಕಾಗದದ ಮೇಲೆ ಅದು ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ, ಆದರೆ ಹಾಗೆ ಕೇಳಿದರೆ ಅಂಗಡಿಯವರೂ ಒಂದು ಕ್ಷಣ ಯೋಚಿಸುತ್ತಾರೆ. ಮುಲುಂಡ್‌ನಿಂದ ದಾದರ್‌ಗೆ ಬಂದು, ಸೇತುವೆ ದಾಟಿ ಪಶ್ಚಿಮ ಮಾರ್ಗದ ಲೋಕಲ್ ಹಿಡಿದು ಗ್ರಾಂಟ್ ರೋಡ್‌ನಲ್ಲಿ ಇಳಿದರೆ ನಡೆಯುವ ದೂರ. ಮೊಣಕೈಯಷ್ಟು ಅಗಲದ ಅಂಗಡಿಗಳು, ಗೋಡೆಯ ತುಂಬ ಸಣ್ಣ ಸಣ್ಣ ಡಬ್ಬಿಗಳು. ಅಲ್ಲಿ ಬೇಕಾದ್ದರ ಹೆಸರು ಸರಿಯಾಗಿ ಹೇಳಿದರೆ ಎರಡು ನಿಮಿಷದ ಕೆಲಸ, ಇಲ್ಲದಿದ್ದರೆ ಇಡೀ ದಿನ.

ನಾನು ಕೇಳಿದ್ದು ಎಸ್‌ಟಿಸಿ-1000. ಅಂಗೈಯಲ್ಲಿ ಹಿಡಿಯುವಷ್ಟು ಪೆಟ್ಟಿಗೆ, ಮುಂದೆ ಕೆಂಪು ಅಂಕಿಗಳು, ಹಿಂದೆ ಎಂಟು ತಿರುಪಿನ ಟರ್ಮಿನಲ್, ಜೊತೆಗೆ ಒಂದು ಉದ್ದನೆಯ ವೈರಿನ ಸೆನ್ಸರ್. ಒಳಗಿನ ರಿಲೇ 10 ಆಂಪಿಯರ್‌ನದು. ಒಂಟಿ ಬಾಗಿಲಿನ ಫ್ರಿಜ್ ಓಡುವಾಗ ಒಂದು ಆಂಪಿಯರ್‌ಗಿಂತ ಕಡಿಮೆ ಎಳೆಯುತ್ತದೆ, ಕಂಪ್ರೆಸರ್ ಶುರುವಾಗುವ ಆ ಕ್ಷಣ ಮಾತ್ರ ಅದರ ಹಲವು ಪಟ್ಟು. ಹಾಗಾಗಿ 2–3 ಆಂಪಿಯರ್‌ನ ಸಣ್ಣ ರಿಲೇ ಇರುವ ಅಗ್ಗದ ಬೋರ್ಡ್‌ಗಳನ್ನು ಮುಟ್ಟಬಾರದು. ಇನ್ನೊಂದು ಎಚ್ಚರ: ನೋಡಲು ಒಂದೇ ಥರದ ಈ ಪೆಟ್ಟಿಗೆ 12 ವೋಲ್ಟ್, 24 ವೋಲ್ಟ್‌ನದೂ ಬರುತ್ತದೆ. ಮೈಮೇಲಿನ ಚೀಟಿಯಲ್ಲಿ 220 ವೋಲ್ಟ್ ಎ.ಸಿ. ಎಂದಿರುವುದನ್ನು ಓದಿಯೇ ಹಣ ಕೊಡಬೇಕು.

ಇದರ ಜೊತೆ ಒಂದು ಪ್ಲಾಸ್ಟಿಕ್ ಬಾಕ್ಸ್, 1.5 ಚದರ ಮಿ.ಮೀ.ನ ಮೂರು ಎಳೆ ವೈರ್, ಮೂರು ಪಿನ್ನಿನ ಪ್ಲಗ್ ಮತ್ತು ಸಾಕೆಟ್, ಫ್ಯೂಸ್ ಹೋಲ್ಡರ್, ನಿಧಾನವಾಗಿ ಕರಗುವ 5 ಆಂಪಿಯರ್ ಫ್ಯೂಸ್, ವೈರಿನ ತುದಿಗೆ ಹಾಕುವ ಲಗ್ಗುಗಳು. ಸಮುದ್ರದ ಗಾಳಿಗೆ ಇಲ್ಲಿ ಬರಿ ತಾಮ್ರ ಬೇಗ ಹಸಿರುಗಟ್ಟುತ್ತದೆ, ತಿರುಪು ಸಡಿಲವಾಗಿ ಕಿಡಿ ಹಾರುತ್ತದೆ. ಹಾಗಾಗಿ ಲಗ್ಗು ಹಾಕಿಯೇ ಬಿಗಿಯಬೇಕು. ಎಲ್ಲ ಸೇರಿ ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯಿತು. ವೈರಿಂಗ್ ಕೆಲಸವೇ ಬೇಡ ಎನ್ನುವವರಿಗೆ ಪ್ಲಗ್, ಸಾಕೆಟ್ ಜೋಡಿಸಿಯೇ ಬರುವ ತಯಾರಿ ಕಂಟ್ರೋಲರ್‌ಗಳೂ ಸಿಗುತ್ತವೆ, ಬೆಲೆ ಹೆಚ್ಚು. ಕರೆಂಟ್ ಕೆಲಸದ ಅಭ್ಯಾಸ ಇಲ್ಲದವರು ಅದನ್ನೇ ಕೊಳ್ಳುವುದು ಒಳ್ಳೆಯದು.

ಮೊದಲು ಅರ್ಥಿಂಗ್

ನಮ್ಮ ಕಟ್ಟಡದ ವೈರಿಂಗ್ ನೋಡಿಕೊಳ್ಳುವವರು ವಿಜಯಪುರ ಕಡೆಯ ಹಿರಿಯರು. ಎಲ್ಲರೂ ಕಾಕಾ ಎನ್ನುತ್ತೇವೆ. ಪೆಟ್ಟಿಗೆ ನೋಡುವ ಮೊದಲೇ ಅವರು ಫ್ರಿಜ್ ಹಿಂದಿನ ಸಾಕೆಟ್ ಕಡೆ ಹೋದರು. "ಸಾಹೇಬ್ರ, ಮಷೀನ ಆಮ್ಯಾಲ ಹಚ್ಚೂಣು. ಮೊದಲ ಅರ್ಥಿಂಗ್ ಐತಿಲ್ಲೋ ನೋಡ್ರಿ" ಎಂದು ಟೆಸ್ಟ್ ಲ್ಯಾಂಪ್ ಹಿಡಿದರು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬ್ ಹತ್ತಿತು. ಫೇಸ್ ಮತ್ತು ಅರ್ಥ್ ನಡುವೆ ಹತ್ತಲಿಲ್ಲ. ಸಾಕೆಟ್‌ಗೆ ಮೂರನೆಯ ತೂತು ಇತ್ತು, ಅದರ ಹಿಂದೆ ವೈರೇ ಇರಲಿಲ್ಲ. ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲ. ಕಬ್ಬಿಣದ ಮೈಯ ಫ್ರಿಜ್, ಒದ್ದೆ ನೆಲ, ಬರಿಗಾಲು ಮೂರೂ ಸೇರುವ ಅಡುಗೆಮನೆಯಲ್ಲಿ ಇದಕ್ಕಿಂತ ಅಪಾಯ ಬೇರೆ ಬೇಡ. ಮೀಟರ್ ಬೋರ್ಡ್‌ನಿಂದ ಹಸಿರು ವೈರ್ ಎಳೆದು, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ ಮೇಲೇ ಮುಂದಿನ ಕೆಲಸ. ಕಂಟ್ರೋಲರ್ ಹಾಕಲಿ, ಬಿಡಲಿ, ಈ ಒಂದು ಪರೀಕ್ಷೆಯನ್ನು ವೈರ್‌ಮನ್‌ನಿಂದ ಎಲ್ಲರೂ ಮಾಡಿಸಬೇಕು.

ಎಂಟು ತಿರುಪಿನ ಲೆಕ್ಕ

ಫ್ರಿಜ್‌ನ ಒಳಗಿನ ಒಂದು ವೈರನ್ನೂ ನಾವು ಮುಟ್ಟಲಿಲ್ಲ. ಗೋಡೆಯ ಸಾಕೆಟ್ ಮತ್ತು ಫ್ರಿಜ್‌ನ ಪ್ಲಗ್ ನಡುವೆ ಒಂದು ಬಾಕ್ಸ್ ಬಂತು, ಅಷ್ಟೆ. ಬೇಡವೆನಿಸಿದರೆ ಪ್ಲಗ್ ಕಿತ್ತು ಗೋಡೆಗೇ ಹಾಕಿದರೆ ಫ್ರಿಜ್ ಮೊದಲಿನಂತೆ.

ಗೋಡೆಯಿಂದ ಬರುವ ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ 1ನೇ ಟರ್ಮಿನಲ್‌ಗೆ. ನ್ಯೂಟ್ರಲ್ 2ನೆಯದಕ್ಕೆ. ಇದು ಕಂಟ್ರೋಲರ್‌ನ ಸ್ವಂತ ಊಟ. 3 ಮತ್ತು 4ಕ್ಕೆ ಸೆನ್ಸರ್‌ನ ಎರಡು ಎಳೆ, ಯಾವುದು ಎಲ್ಲಿಗೆ ಬಂದರೂ ಸರಿ. 5 ಮತ್ತು 6 ಬಿಸಿ ಮಾಡುವ ಸಾಧನಕ್ಕೆ ಮೀಸಲು, ನಮಗೆ ಬೇಡ, ಖಾಲಿ. 7 ಮತ್ತು 8 ತಂಪು ಮಾಡುವ ಸಾಧನಕ್ಕೆ. ಅನೇಕರಿಗೆ ಇಲ್ಲೇ ಗೊಂದಲ. 7–8ರಲ್ಲಿ ತಾನಾಗಿ ಕರೆಂಟ್ ಬರುವುದಿಲ್ಲ. ಅವು ಬರಿ ಒಂದು ಸ್ವಿಚ್‌ನ ಎರಡು ತುದಿ. ಆದ್ದರಿಂದ 1ರಿಂದ 7ಕ್ಕೆ ಒಂದು ತುಂಡು ವೈರಿನಲ್ಲಿ ಫೇಸ್ ಕೊಡಬೇಕು, 8ರಿಂದ ಹೊರಟ ವೈರ್ ಸಾಕೆಟ್‌ನ ಫೇಸ್‌ಗೆ ಹೋಗಬೇಕು. ಸಾಕೆಟ್‌ಗೆ ನ್ಯೂಟ್ರಲ್ ನೇರವಾಗಿ. ಅರ್ಥ್ ವೈರ್ ಯಾವ ಸ್ವಿಚ್ಚಿಗೂ ಹೋಗದೆ ಪ್ಲಗ್‌ನಿಂದ ಸಾಕೆಟ್‌ಗೆ ನೇರ. ಬೇರೆ ಮಾದರಿಗಳಲ್ಲಿ ಅಂಕಿಗಳು ಬದಲಾಗಿರಬಹುದು, ಮೈಮೇಲೆ ಅಚ್ಚಾದ ಚಿತ್ರವೇ ಅಂತಿಮ.

ಕಾಕಾ ಫ್ರಿಜ್ ಜೋಡಿಸುವ ಮೊದಲು ಟೇಬಲ್ ಲ್ಯಾಂಪ್ ಹಾಕಿ ನೋಡಿದರು. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದರೆ ಸ್ವಲ್ಪ ಹೊತ್ತಿಗೆ ದೀಪ ಹತ್ತಿತು, ಐಸ್ ನೀರಿಗೆ ಅದ್ದಿದರೆ ಆರಿತು. ತಿರುಗುಮುರುಗಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ, ಔಷಧ ಕೆಟ್ಟ ಮೇಲಲ್ಲ.

ಬಾಕ್ಸನ್ನು ಫ್ರಿಜ್‌ನ ಹೊರಗೇ, ಗೋಡೆಗೆ, ಸಿಂಕ್‌ನ ನೀರು ಸಿಡಿಯದ ಎತ್ತರದಲ್ಲಿ ಕೂರಿಸಿದೆವು. ಸೆನ್ಸರ್ ವೈರ್ ಮಾತ್ರ ಬಾಗಿಲಿನ ರಬ್ಬರ್ ಅಂಚಿನಲ್ಲಿ, ಕೀಲಿನ ಬದಿಯಿಂದ ಒಳಗೆ ಹೋಗುತ್ತದೆ. ವೈರ್ ಒಳಗೆ ಬಿಡಲು ಫ್ರಿಜ್‌ನ ಗೋಡೆಗೆ ತೂತು ಕೊರೆಯುವ ಯೋಚನೆ ಬೇಡವೇ ಬೇಡ. ಗೋಡೆಯೊಳಗೆ ಅನಿಲದ ನಳಿಕೆಗಳಿರುತ್ತವೆ. ಈಚಿನ ಫ್ರಿಜ್‌ಗಳಲ್ಲಿ ಆರ್-600ಎ ಎಂಬ ಐಸೊಬ್ಯುಟೇನ್ ಇರುತ್ತದೆ, ಅದು ಹತ್ತಿಕೊಳ್ಳುವ ಅನಿಲ.

ಅಂಕಿ ಕೂರಿಸುವುದು

ಎಸ್‌ಟಿಸಿ-1000ದಲ್ಲಿ ನಾಲ್ಕೇ ಸೆಟ್ಟಿಂಗ್. ಎಫ್1 ನಿಲ್ಲಿಸಬೇಕಾದ ಉಷ್ಣಾಂಶ. ಎಫ್2 ಅದಕ್ಕಿಂತ ಎಷ್ಟು ಏರಿದರೆ ಮತ್ತೆ ಶುರು ಮಾಡಬೇಕು ಎಂಬ ಅಂತರ. ನಾನು ಎಫ್1 ಅನ್ನು 4.0ಗೆ, ಎಫ್2 ಅನ್ನು 1.5ಕ್ಕೆ ಇಟ್ಟೆ. 5.5ಕ್ಕೆ ಕಂಪ್ರೆಸರ್ ಶುರು, 4ಕ್ಕೆ ಬಂದ್. ಅಂತರವನ್ನು 0.3ರಷ್ಟು ಕಿರಿದಾಗಿ ಇಡುವ ಆಸೆ ಹುಟ್ಟುತ್ತದೆ, ಆದರೆ ಆಗ ಕಂಪ್ರೆಸರ್ ಮತ್ತೆ ಮತ್ತೆ ಶುರುವಾಗಿ ಸವೆಯುತ್ತದೆ.

ಎಫ್3 ವಿಳಂಬ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಶುರು ಮಾಡಿದರೆ ಒಂದು ಬದಿಯಲ್ಲಿ ಒತ್ತಡ ಇನ್ನೂ ಇಳಿದಿರುವುದಿಲ್ಲ, ಮೋಟಾರು ತಿರುಗಲಾರದೆ ಮುಕ್ಕುತ್ತದೆ. ಒತ್ತಡ ಸಮವಾಗಲು ಮೂರು ನಿಮಿಷವಾದರೂ ಬೇಕು, ನಾನು ಐದು ಇಟ್ಟೆ. ಕರೆಂಟ್ ಹೋಗಿ ಬಂದಾಗಲೂ ಈ ವಿಳಂಬ ಕಾಯುತ್ತದೆ. ಆ ಹೊತ್ತಿನಲ್ಲಿ ದೀಪ ಮಿಟುಕಿಸುತ್ತಿದ್ದರೆ ಕೆಟ್ಟಿದೆ ಎಂದಲ್ಲ.

ಎಫ್4 ಸೆನ್ಸರ್‌ನ ತಪ್ಪು ತಿದ್ದುವುದಕ್ಕೆ. ಇದಕ್ಕೆ ಲ್ಯಾಬ್ ಬೇಡ. ಸ್ಟೀಲ್ ತಂಬಿಗೆಯ ತುಂಬ ಪುಡಿ ಮಾಡಿದ ಐಸ್ ಹಾಕಿ, ಸಂದಿ ತುಂಬುವಷ್ಟು ನೀರು ಬೆರೆಸಿ ಕಲಕಿದರೆ ಅದು ಸೊನ್ನೆ ಡಿಗ್ರಿ. ನಮ್ಮ ಸೆನ್ಸರ್ ಅಲ್ಲಿ 0.6 ತೋರಿಸಿತು, ಎಫ್4ರಲ್ಲಿ 0.6 ಕಳೆದೆ.

ಸೆನ್ಸರನ್ನು ಗಾಳಿಯಲ್ಲಿ ತೂಗಬಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಬೆಚ್ಚುತ್ತದೆ. ಔಷಧವಾದರೋ ಬಾಟಲಿಯೊಳಗಿನ ದ್ರವ, ಅದು ಅಷ್ಟು ಬೇಗ ಬಿಸಿಯಾಗದು. ಲಸಿಕೆಯ ಫ್ರಿಜ್‌ಗಳಲ್ಲಿ ಸೆನ್ಸರನ್ನು ದ್ರವ ತುಂಬಿದ ಸೀಸೆಯಲ್ಲಿ ಇಡುವುದು ಇದಕ್ಕೇ. ನಾನೂ ಖಾಲಿ ಸಿರಪ್ ಸೀಸೆಯಲ್ಲಿ ನೀರು ತುಂಬಿ ಸೆನ್ಸರ್ ಇಳಿಬಿಟ್ಟು, ಇನ್ಸುಲಿನ್ ಡಬ್ಬದ ಪಕ್ಕ ನಿಲ್ಲಿಸಿದೆ.

ಇನ್ನು ಹಳೆಯ ನಾಬ್. ಕಂಟ್ರೋಲರ್ ಬಂದ ಮೇಲೆ ಅದನ್ನು ಕೊನೆಯ ಅಂಕಿಗೆ ತಿರುಗಿಸಿ ಮರೆತುಬಿಡಿ ಎನ್ನುವವರಿದ್ದಾರೆ. ಔಷಧದ ಫ್ರಿಜ್‌ಗೆ ಅದು ಸಲ್ಲ. ರಿಲೇಯ ಮುಳ್ಳುಗಳು ಕಿಡಿಗೆ ಅಂಟಿಕೊಂಡರೆ ಕರೆಂಟ್ ಕಡಿಯುವುದೇ ಇಲ್ಲ. ಆಗ ನಾಬ್ 7ರಲ್ಲಿದ್ದರೆ ಬೆಳಗಾಗುವಷ್ಟರಲ್ಲಿ ಇನ್ಸುಲಿನ್ ಹಿಮ. ಕಂಟ್ರೋಲರ್ ಇಲ್ಲದೆ ಒಂದು ರಾತ್ರಿ ಓಡಿಸಿ, ನಡುವಿನ ಅರೆ 2ಕ್ಕಿಂತ ಕೆಳಗೆ ಹೋಗದ ಅಂಕಿಯನ್ನು ಹುಡುಕಿ, ನಾಬನ್ನು ಅಲ್ಲಿಗೇ ಬಿಟ್ಟೆ. ಚಳಿಗಾಲಕ್ಕೆ ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಹೊಸ ಕಾವಲುಗಾರ ನಿದ್ದೆ ಹೋದರೆ ಹಳೆಯವನು ಎದ್ದಿರುತ್ತಾನೆ.

ಎಲ್ಲ ಫ್ರಿಜ್‌ಗೂ ಅಲ್ಲ

ಇದು ಗಂಡಿ ಥರ್ಮೋಸ್ಟಾಟ್ ಇರುವ, ಕೈಯಿಂದ ಡಿಫ್ರಾಸ್ಟ್ ಮಾಡುವ ಒಂಟಿ ಬಾಗಿಲಿನ ಫ್ರಿಜ್‌ಗೆ ಸರಿ. ಇನ್ವರ್ಟರ್ ಕಂಪ್ರೆಸರ್, ಫ್ರಾಸ್ಟ್ ಫ್ರೀ ಮಾದರಿಗಳಲ್ಲಿ ಫ್ಯಾನ್, ಹೀಟರ್, ಎಲೆಕ್ಟ್ರಾನಿಕ್ ಬೋರ್ಡ್ ಎಲ್ಲ ಒಂದು ಲೆಕ್ಕದಲ್ಲಿ ನಡೆಯುತ್ತಿರುತ್ತವೆ. ಹೊರಗಿನಿಂದ ಗಂಟೆಗೆ ನಾಲ್ಕು ಸಲ ಕರೆಂಟ್ ಕಡಿದರೆ ಆ ಲೆಕ್ಕ ತಪ್ಪುತ್ತದೆ. ಅಂಥವುಗಳಲ್ಲಿ ಒಂದು ಥರ್ಮಾಮೀಟರ್ ಇಟ್ಟು, ಒಳ್ಳೆಯ ಅರೆ ಯಾವುದೆಂದು ಹುಡುಕಿಕೊಂಡರೆ ಸಾಕು. ವಾರಂಟಿ ಇರುವ ಫ್ರಿಜ್ ಆದರೆ ಮೊದಲು ಅದರ ಷರತ್ತು ಓದಿ.

ಒಂದು ಸಣ್ಣ ಅನಾನುಕೂಲವೂ ಇದೆ. ಕಂಟ್ರೋಲರ್ ಕರೆಂಟ್ ಕಡಿದಾಗ ಫ್ರಿಜ್‌ನ ಒಳದೀಪವೂ ಆರಿರುತ್ತದೆ. ಅವ್ವ ಮೊದಲ ವಾರ ದಿನಕ್ಕೆ ಮೂರು ಸಲ ಹೇಳಿದಳು: "ಯಪ್ಪಾ, ಫ್ರಿಜ್ ಸತ್ತೈತಿ ನೋಡೋ, ಲೈಟ್ ಹತ್ತವಲ್ದು!" ಈಗ ಅವಳೇ ಕೆಲಸದವಳಿಗೆ ಹೇಳಿಕೊಡುತ್ತಾಳೆ, ದೀಪ ನೋಡಬೇಡ, ಗೋಡೆಯ ಕೆಂಪು ಅಂಕಿ ನೋಡು ಎಂದು.

ಹೊಸ ಬಾಟಲಿ, ಹಳೆಯ ಡೋಸ್

ಇಡೀ ಬರಹದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಫ್ರಿಜ್ ಸರಿಯಾದ ಮೇಲೆ ಹಳೆಯ ಬಾಟಲಿಗಳನ್ನೆಲ್ಲ ಬಿಟ್ಟು ಹೊಸತು ತಂದೆವು. ಆದರೆ ಏರಿಸಿದ ಡೋಸ್ ಅದೇ ಇತ್ತು. ಶಕ್ತಿ ಕಳೆದುಕೊಂಡ ಇನ್ಸುಲಿನ್‌ಗೆ ಹೊಂದಿಸಿದ ಅಳತೆಯಲ್ಲಿ ಪೂರ್ಣ ಶಕ್ತಿಯ ಇನ್ಸುಲಿನ್ ಚುಚ್ಚಿದರೆ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆಯೇ ತಪ್ಪಬಹುದು. ವಯಸ್ಸಾದವರಲ್ಲಿ, ಅದೂ ರಾತ್ರಿ ಹೊತ್ತು, ಏರಿದ ಸಕ್ಕರೆಗಿಂತ ಇದು ಬೇಗ ಕೊಲ್ಲುತ್ತದೆ. ಹೊಸ ಬಾಟಲಿ ಒಡೆಯುವ ಮೊದಲೇ ವೈದ್ಯರಿಗೆ ಫೋನ್ ಮಾಡಿದೆವು. ಅವರು ಡೋಸ್ ಇಳಿಸಿ, ಒಂದು ವಾರ ದಿನಕ್ಕೆ ನಾಲ್ಕು ಸಲ ಸಕ್ಕರೆ ನೋಡಿ ಬರೆದಿಡಲು ಹೇಳಿದರು. ವಾರದ ಕೊನೆಗೆ ಬೆಳಗಿನ ಅಂಕಿ 150ಕ್ಕೆ ಬಂದಿತ್ತು. ಫ್ರಿಜ್ ಒಂದೇ ಕಾರಣ ಎಂದು ವೈದ್ಯರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅವ್ವ ಆ ಹೊತ್ತಿಗೆ ಸಂಜೆ ಹೊತ್ತು ನಡೆಯಲೂ ಶುರು ಮಾಡಿದ್ದಳು. ಆದರೆ ಹತ್ತು ಅನುಮಾನಗಳಲ್ಲಿ ಒಂದು ಖಚಿತವಾಗಿ ಕಡಿಮೆಯಾಯಿತು. ಔಷಧದ ಡೋಸನ್ನು ನಾವಾಗಿ ಏರಿಸುವುದು, ಇಳಿಸುವುದು ಎರಡೂ ಸಲ್ಲ.

ಕರೆಂಟ್ ಹೋದರೆ

ಮುಂಬೈನಲ್ಲಿ ಕರೆಂಟ್ ಹೋಗುವುದು ಕಡಿಮೆ. ಹೋದಾಗ ಮಾತ್ರ ನೆನಪಿಡುವಂತೆ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಎಷ್ಟೋ ಉಪನಗರಗಳಲ್ಲಿ ದಿನಗಟ್ಟಲೆ ಕತ್ತಲೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಗ್ರಿಡ್ ಕೈಕೊಟ್ಟು ಮುಂಬೈ, ಠಾಣೆ, ನವಿ ಮುಂಬೈನಲ್ಲಿ ಲೋಕಲ್‌ಗಳೂ ನಿಂತವು. ಅಂಥ ದಿನ ಮಾಡಬೇಕಾದದ್ದು ಸರಳ: ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ನಾಲ್ಕು ಗಂಟೆಯವರೆಗೆ ತಂಪು ಹಿಡಿದಿಡುತ್ತದೆ. ಕೆಳಗಿನ ಅರೆಯಲ್ಲಿ ಸದಾ ನಾಲ್ಕೈದು ನೀರಿನ ಬಾಟಲಿ ತುಂಬಿಟ್ಟರೆ ಇನ್ನೂ ಹೆಚ್ಚು. ಕಂಟ್ರೋಲರ್ ತನ್ನ ಅಂಕಿಗಳನ್ನು ಮರೆಯುವುದಿಲ್ಲ, ಕರೆಂಟ್ ಬಂದ ಮೇಲೆ ತಾನೇ ಶುರುವಾಗುತ್ತದೆ.

ಸೊಲ್ಲಾಪುರ, ವಿಜಯಪುರದ ಮೇಲೆ ಗದಗಿಗೆ ಹೋಗುವ ರಾತ್ರಿಯ ರೈಲಿನಲ್ಲಿ ಅವ್ವ ಊರಿಗೆ ಹೊರಟಾಗ ಔಷಧ ಅಗಲ ಬಾಯಿಯ ಥರ್ಮಾಸ್‌ನಲ್ಲಿ ಹೋಗುತ್ತದೆ. ತಂಪು ಜೆಲ್ ಪ್ಯಾಕ್ ಕೆಳಗೆ, ನಡುವೆ ದಪ್ಪ ಟವೆಲ್, ಮೇಲೆ ಬಾಟಲಿ. ಐಸ್‌ಗೆ ಬಾಟಲಿ ನೇರವಾಗಿ ತಾಗಬಾರದು, ಅಲ್ಲೂ ಹಿಮದ ಭಯವೇ.

ನಮ್ಮಲ್ಲಿ ಹೆಚ್ಚಿನವರ ಅಪ್ಪ–ಅಮ್ಮ ಇನ್ನೂ ಊರಲ್ಲೇ ಇದ್ದಾರೆ. ಸಕ್ಕರೆ ಎಷ್ಟು, ಬಿ.ಪಿ. ಎಷ್ಟು ಎಂದು ಭಾನುವಾರ ಫೋನಿನಲ್ಲಿ ಕೇಳುತ್ತೇವೆ. ಅದರ ಜೊತೆ ಇನ್ಸುಲಿನ್ ಎಲ್ಲಿ ಇಟ್ಟಿದ್ದೀರಿ, ಅಲ್ಲಿ ಎಷ್ಟು ಡಿಗ್ರಿ ಇದೆ ಎಂದೂ ಕೇಳಿ. ಮುಂದಿನ ಸಲ ಊರಿಗೆ ಹೋಗುವಾಗ ಚಕ್ಕುಲಿ ಡಬ್ಬಿಯ ಪಕ್ಕ ಒಂದು ಕನಿಷ್ಠ–ಗರಿಷ್ಠ ಥರ್ಮಾಮೀಟರ್ ಒಯ್ಯಿರಿ. ಮೂರು ದಿನ ಫ್ರಿಜ್‌ನ ಬೇರೆ ಬೇರೆ ಅರೆಗಳಲ್ಲಿ ಇಟ್ಟು ನೋಡಿ, ಒಳ್ಳೆಯ ಜಾಗಕ್ಕೆ ಒಂದು ಡಬ್ಬಿ ಇಟ್ಟು "ಔಷಧ ಇಲ್ಲಿ" ಎಂದು ಬರೆದು ಅಂಟಿಸಿ. ಕಂಟ್ರೋಲರ್ ಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಎಷ್ಟೋ ಮನೆಗಳಲ್ಲಿ ಬಾಟಲಿಯನ್ನು ಒಂದು ಅರೆ ಕೆಳಗಿಳಿಸಿದರೆ ಅಷ್ಟೇ ಸಾಕಾಗುತ್ತದೆ.